ದಾರಿ ನಡುವಿನ ಎರಡೆಲೆ

ಜುಲೈ ನಡುವಿನ ಒಂದು ಭಾನುವಾರ, ಬೆಳಿಗ್ಗೆ ಏಳು ಗಂಟೆ. ಲಫಾಯೆಟ್ ಬೆಟ್ಟದ ಬೆನ್ನಿನ ಮೇಲೆ ಮಂಜು ಇನ್ನೂ ಹಾಸಿಗೆ ಬಿಟ್ಟು ಎದ್ದಿರಲಿಲ್ಲ. ಕಾವಲಿನ ಆರ್ವಿಲ್ ಪೀಸ್ಲೀ ಕಾಲುದಾರಿಯ ನಟ್ಟನಡುವೆ, ಕಲ್ಲಿನ ಸಂದಿಯಲ್ಲಿ ಒಂದು ಸಸಿ ಕಂಡ. ಎರಡೇ ದಪ್ಪ ಎಲೆ, ಕೈ ಮುಗಿದ ಹಾಗೆ. ತುದಿಯಲ್ಲಿ ಒಂದು ಚಿಟಿಕೆ ಮಣ್ಣು. ತೊಂದರೆ ಶುರುವಾದದ್ದು ಅಲ್ಲಿಂದ.

ಆರ್ವಿಲ್ ಮೂವತ್ತು ವರ್ಷ ಕೆಳಗಿನ ಊರಲ್ಲಿ ಅಂಚೆ ಹಂಚಿದವನು. ಈಗ ಬೆಟ್ಟದ ಬೆನ್ನುದ್ದಕ್ಕೂ ನಡೆದಾಡುತ್ತ, ಹತ್ತಿ ಬಂದವರಿಗೆ "ಕಲ್ಲಿನ ಮೇಲೆ ಕಾಲಿಡಿ, ಹಸುರಿನ ಮೇಲೆ ಬೇಡ" ಎನ್ನುವುದೇ ಕೆಲಸ. ಅಂಗೈಯಗಲದ ಆ ಹಸುರು ಬೆಳೆಯಲು ಮನುಷ್ಯನ ಆಯುಷ್ಯ ಬೇಕು. ಅಳಿಸಲು ಒಂದು ಬೂಟು ಸಾಕು. ಒಂದು ತಿಂಗಳು ನೋಡೋಣ ಎಂದು ಅವನನ್ನು ಇಟ್ಟುಕೊಂಡಿದ್ದರು. ತಿಂಗಳು ಅವತ್ತಿಗೆ ಮುಗಿದಿತ್ತು. ಕಾವಲಿನವರ ಮೇಲಿನ ಯಜಮಾನಿ, ಗಿಡಗಳನ್ನು ಬಲ್ಲ ಮಾರ್ಥಾ ತಿಬೋ, ಮಧ್ಯಾಹ್ನ ಬಂದು ಇವನು ಇರಬೇಕೋ ಹೋಗಬೇಕೋ ಹೇಳುವವಳಿದ್ದಳು.

ಆರ್ವಿಲ್ ಗಿಡಗಳ ಪುಸ್ತಕ ತಿರುವಿದ. ಇಂಥ ಸಸಿ ಅದರಲ್ಲಿ ಇರಲಿಲ್ಲ.

ಹತ್ತಿ ಬಂದವರು ರಾತ್ರಿ ಉಳಿಯುವ ತಂಗುಮನೆಯ ಅಡಿಗೆಯವನು ಡೆಲ್ಮರ್ ಅವನಿಗೆ ತಿಂಡಿ ಹಿಡಿದು ಬಂದ.

"ಏನಯ್ಯಾ, ನೆಲಕ್ಕೆ ಮೂಗು ಹಚ್ಚಿದ್ದೀಯ? ಹಲ್ಲುಸೆಟ್ಟು ಬಿತ್ತಾ?"

"ಶ್! ಈ ಕಡೆ ಉಸಿರು ಬಿಡಬೇಡ. ನೋಡು ಇದನ್ನ. ಪುಸ್ತಕದಲ್ಲೇ ಇಲ್ಲ."

"ಹಂಗಾದ್ರೆ ಯಾರೂ ಕಾಣದ್ದೇ ಇರಬೇಕು. ನಿನ್ನ ಹೆಸರೇ ಇಡ್ತಾರೆ ಬಿಡು. ಪೀಸ್ಲೀ ಗಿಡ! ಅಂಚೆಯೋನಿಗೆ ಇನ್ನೇನು ಬೇಕು?"

ಡೆಲ್ಮರ್‌ನ ಕಿವಿಗೆ ಬಿದ್ದದ್ದು ಗಾಳಿಗೆ ಬಿದ್ದ ಹಾಗೆ. ಹತ್ತು ಗಂಟೆಗೆಲ್ಲ ನಲವತ್ತು ಜನ ಸೇರಿದರು. ಆರ್ವಿಲ್ ಕಾವಿಗೆ ಕೂತ ಕೋಳಿಯಂತೆ ಸಸಿಯ ಸುತ್ತ ಮೈ ಬಾಗಿಸಿ ಮಲಗಿ, ಒಬ್ಬೊಬ್ಬರನ್ನೇ ಕಲ್ಲಿನಿಂದ ಕಲ್ಲಿಗೆ ದಾಟಿಸಿದ.

"ಚಳಿ ಆಗ್ತಿರಬೇಕು ಪಾಪ," ಎಂದು ಒಬ್ಬ ಹೆಂಗಸು ಉಣ್ಣೆಯ ಶಾಲು ಬಿಚ್ಚಿದಳು.

"ಶಾಲು ಬೇಡ, ನೀರು ಹಾಕಿ," ಎಂದ ದಪ್ಪ ಮನುಷ್ಯನೊಬ್ಬ. "ನಮ್ಮನೇಲಿ ಗುಲಾಬಿ ಬೆಳೆಸಿದೀನಿ ನಾನು."

"ನೀರು ಹಾಕೋಕೆ ನಿಮ್ಮ ನಾಯೀನೇ ರೆಡಿ ಆಗಿದೆ! ಹಿಡ್ಕೊಳ್ರೀ ಅದನ್ನ!" ಎಂದು ಆರ್ವಿಲ್ ಕೂಗಿದ.

ಆರ್ವಿಲ್ ಸಸಿಗೆ ತನ್ನ ಟೋಪಿ ಮುಚ್ಚಿದ. ಸಸಿ ಉಳಿಯಿತು. ಟೋಪಿ ಉಳಿಯಲಿಲ್ಲ.

ಮಧ್ಯಾಹ್ನ ಮಾರ್ಥಾ ಬಂದಳು. ಸಸಿಯ ಮುಂದೆ ಮಂಡಿಯೂರಿದಳು. ಅದೇ ಹೊತ್ತಿಗೆ ಮಂಜು ಸೀಳಿ ಬಿಸಿಲು ಬಿತ್ತು. ಮುಗಿದ ಎಲೆಗಳು ಮೆಲ್ಲಗೆ ಬಿಚ್ಚಿಕೊಂಡವು. ತುದಿಯ ಮಣ್ಣು ಕೆಳಗುದುರಿತು. ಮಾರ್ಥಾ ಅದನ್ನೆತ್ತಿ ಹೆಬ್ಬೆರಳಲ್ಲಿ ಒರೆಸಿದಳು. ಕಪ್ಪು ಬಿಳಿ ಪಟ್ಟೆಯ ಸಿಪ್ಪೆ.

"ಸೂರ್ಯಕಾಂತಿ," ಎಂದಳು. "ಆರ್ವಿಲ್, ಕಾವಲು ಕಾಯ್ತಾ ಏನಾದ್ರೂ ತಿಂತೀಯಾ?"

"ಅದೇ ಬೀಜ!" ಎಂದ ಡೆಲ್ಮರ್, ಕೇಳದಿದ್ದರೂ. "ದಿನವಿಡೀ, ಗಿಳಿ ಥರ. ಹಕ್ಕಿಗೆ ಹಾಕೋ ಹಸೀ ಬೀಜ. ಹುರಿದದ್ದಾದ್ರೂ ತಿನ್ನೋ ಅಂತ ಬಡ್ಕೊಂಡೆ."

ಆರ್ವಿಲ್ ಜೇಬಿಗೆ ಕೈ ಹಾಕಿದ. ಬೆರಳು ತೂತಿನಿಂದಾಚೆ ಇಣುಕಿತು. ಜನ ನಗುತ್ತ ಕರಗಿದರು.

"ಹೋಗ್ಲಿ, ಒಂದು ಸಸಿ ತಾನೆ? ಕಿತ್ತರಾಯ್ತು," ಎಂದಳು ಮಾರ್ಥಾ. "ಇಷ್ಟು ಜನರಲ್ಲಿ ಒಬ್ಬರಿಗೂ ಹಸುರು ತುಳಿಯೋಕೆ ಬಿಡಲಿಲ್ಲ ನೀನು. ಅದು ದೊಡ್ಡದು. ಬೇರೆ ಎಲ್ಲಾದ್ರೂ ಮೊಳೆತಿದೆಯಾ ನೋಡೋಣ, ಬಾ."

ಆರ್ವಿಲ್‌ಗೆ ಹೋದ ಜೀವ ಬಂತು. ಅವನು ನಡೆದಾಡಬೇಕಿದ್ದ ಒಂದು ಮೈಲಿ ದಾರಿಯನ್ನು ಮಾರ್ಥಾ ಬಗ್ಗಿ ಬಗ್ಗಿ ನೋಡಿದಳು. ಒಂದು ಮೊಳಕೆಯೂ ಇರಲಿಲ್ಲ.

"ನೋಡಿದ್ರಾ?" ಎಂದು ಆರ್ವಿಲ್ ಎದೆಯುಬ್ಬಿಸಿದ.

ವಾಪಸು ಬರುವಾಗ ಅವಳು ಗಾಳಿ ತಾಗದ ದೊಡ್ಡ ಬಂಡೆಯ ಹಿಂದಕ್ಕೆ ಹೋದಳು. ಬಹಳ ಹೊತ್ತು ಬರಲಿಲ್ಲ.

"ಆರ್ವಿಲ್," ಎಂದು ಅಲ್ಲಿಂದಲೇ ತಣ್ಣಗೆ ಕರೆದಳು. "ಇಲ್ಲಿ ಹತ್ತೊಂಬತ್ತು ಇವೆ. ನೀನು ಬೆನ್ನು ಒರಗಿಸಿ ಕೂರ್ತಿದ್ದ ಗುರುತಿನ ಸುತ್ತ, ಒತ್ತೊತ್ತಾಗಿ. ನೀನು ನಡೀಬೇಕಿದ್ದ ದಾರೀಲಿ ಒಂದೂ ಇಲ್ಲ."

ಬೇರು ಹರಿಯದಂತೆ ಅಷ್ಟನ್ನೂ ಕೀಳಲು ಸೋಮವಾರ ಪೂರ್ತಿ ಹಿಡಿಯಿತು. ಮಂಗಳವಾರ ಬೆಳಿಗ್ಗೆ ಆರ್ವಿಲ್ ಬೆಟ್ಟ ಇಳಿದು ಹೋದ.