ಎಲ್ಲ ಹುಳಕ್ಕೂ ಒಂದೇ ಹೆಸರು

"ಇನ್ನ ಯಾರೂ ಸೂಕ್ಷ್ಮದರ್ಶಕದಾಗ ಕಣ್ಣ ಹಾಳ ಮಾಡ್ಕೊಳ್ಳೂದು ಬ್ಯಾಡ! ಮಣ್ಣಿನ ಹುಳಾನ ಬಾಯಿಬಿಟ್ಟು ತನ್ನ ಹೆಸರ ಹೇಳ್ತದ!"

ನಮ್ಮ ಮನೆಯವರು ಹೀಗೆ ಕೂಗಿದಾಗ ನಾನು ಅಕ್ಕಿ ಆರಿಸುತ್ತಿದ್ದೆ. ಅವರು ಕಣ್ಣಿಗೆ ಕಾಣದ ಮಣ್ಣುಜೀವಿಗಳನ್ನು ಗುರುತಿಸುವುದು ಹೇಗೆಂದು ಆನ್‌ಲೈನಿನಲ್ಲಿ ತರಬೇತಿ ಕೊಡುತ್ತಾರೆ. ನಮ್ಮ ಪಡಸಾಲೆಯೇ ಅವರ ಕಾಲೇಜು. ನನ್ನ ಇಡ್ಲಿ ಪಾತ್ರೆಯ ಮುಚ್ಚಳ ಈಗ ಅವರ ಹೊಸ ಯಂತ್ರದ ತಲೆ. ಕೇಳಿದರೆ ವಿಜ್ಞಾನವಂತೆ!

ಹುಳದ ಹೊಟ್ಟೆಯಲ್ಲಿ ಏನಿದೆ, ಅದು ಹೇಗೆ ಮಿಸುಕುತ್ತದೆ ಎಂದು ನೋಡಿ ಯಂತ್ರ ಅದರ ಪರವಾಗಿ ಮಾತಾಡುತ್ತದೆ. ಮೊದಲು ಮಲ್ಲಿಗೆ ಕುಂಡದ ಮಣ್ಣು ಇಟ್ಟರು. "ನಾನು ಅಮೀಬಾ," "ನಾನು ದುಂಡುಹುಳ," ಎಂದಿತು. ಪರದೆಯ ತುಂಬ ಶಿಷ್ಯರ ಚಪ್ಪಾಳೆ!

ಎರಡನೆಯ ತಟ್ಟೆ ಇಟ್ಟರು.

"ನಾನು ರಾಚಪ್ಪ."

ಮುಂದಿನ ಹುಳವೂ ರಾಚಪ್ಪ. ನುಸಿ, ಅಮೀಬಾ, ಬೂಸ್ಟಿನ ಎಳೆ, ಎಲ್ಲವೂ ಒಂದೇ ತಗ್ಗಿದ ದನಿಯಲ್ಲಿ, "ರಾಚಪ್ಪ... ರಾಚಪ್ಪ..."

"ಸರ್, ಈ ರಾಚಪ್ಪಗ ಕಾಲು ಎಷ್ಟ್ರೀ?" ಎಂದಳು ಪರದೆಯಲ್ಲಿದ್ದ ಶಿಷ್ಯೆಯೊಬ್ಬಳು.

ನನ್ನ ಕೈಯ ಮೊರ ಜಾರಿತು. ರಾಚಪ್ಪ ಎಂದರೆ ನಮ್ಮ ಮಾವ, ಹೋದ ವರ್ಷ ತೀರಿಕೊಂಡವರು. ಮಾವನ ಹೆಸರನ್ನು ಸೊಸೆ ಹೇಳಬಾರದು, ಬರೆಯಬಹುದು ಎಂದುಕೊಂಡಿದ್ದೇನೆ.

"ಎಲ್ಲೀದ್ರೀ ಈ ಮಣ್ಣು?" ಎಂದು ಇವರನ್ನು ಕೇಳಿದೆ.

"ನಮ್ಮ ಹೊಲದ್ದ. ಬೇವಿನ ಗಿಡದ ಬುಡಕಿಂದು. ಅಲ್ಲಿ ಮಣ್ಣಾಗ ಜೀವ ಭಾಳ ಅದ."

"ಅಯ್ಯ, ನಿಮ್ಮ ಬುದ್ಧಿಗಿಷ್ಟು ಬೆಂಕಿ ಹಚ್ಚ! ಮಾವನ್ನ ಮಣ್ಣ ಮಾಡಿದ್ದು ಅಲ್ಲೇ ಅಲ್ಲೇನ್ರೀ?"

ನಮ್ಮಲ್ಲಿ ಸುಡುವುದಿಲ್ಲ, ಸ್ವಂತ ಹೊಲದಲ್ಲೇ ಹೂಳುತ್ತೇವೆ. ಇವರು ಗಡಬಡಿಸಿ ಯಂತ್ರದ ಕಡೆ ಹೊರಳಿದರು. ಗುಂಡಿ ಒತ್ತಿದರು, ವೈರು ಕಿತ್ತರು. ಕಿತ್ತ ಮೇಲೂ ಯಂತ್ರ ಪಿಸುಗುಟ್ಟುತ್ತಲೇ ಇತ್ತು.

ಅಷ್ಟರಲ್ಲಿ ಅತ್ತೆ ಹೊರಗೆ ಬಂದರು. ಕೊನೆಯ ದಿನ ಮಾವ ಕಟ್ಟೆಯ ಮೇಲೆ ಕೂತು ಚಾ ಕೇಳಿದ್ದರು. "ತಡೀರಿ, ಹಾಲು ಕಾಯ್ಲಿ," ಎಂದಿದ್ದರು ಅತ್ತೆ. ಚಾ ತರುವಷ್ಟರಲ್ಲಿ ಮಾವ ಇರಲಿಲ್ಲ. ಅಂದಿನಿಂದ ಅತ್ತೆ ಚಾ ಮುಟ್ಟಿಲ್ಲ. ಈಗ ಇದನ್ನು ಕೇಳಿದರೆ ಮುದುಕಿಯ ಎದೆ ಒಡೆದೇ ಹೋದೀತು ಎಂದು ಹೆದರಿದೆ.

ತರಬೇತಿಯಲ್ಲಿ ಶಿಷ್ಯರನ್ನು ಕೇಳುವಂತೆಯೇ ಯಂತ್ರ ಅತ್ತೆಯನ್ನು ಕೇಳಿತು: "ಗುರುತಿಸಿ. ಇದು ಯಾರು?"

ಅತ್ತೆ ಸೆರಗನ್ನು ತಲೆಯ ಮೇಲೆ ಎಳೆದುಕೊಂಡರು. ಗಂಡನ ಹೆಸರನ್ನು ಹಾಗೆ ಬಾಯಿಗೆ ತರುವವರಲ್ಲ.

"ಇವ್ರು," ಎಂದರು ಮೆಲ್ಲಗೆ. "ನಮ್ಮ ಮನಿಯವ್ರು."

"ಉತ್ತರ ಸರಿ!"

ಯಂತ್ರದ ಪರದೆಯಲ್ಲಿ ಹರಿದಾಡುತ್ತಿದ್ದ ಹುಳಗಳೆಲ್ಲ ನಿಂತವು. ನಿಧಾನಕ್ಕೆ ಅತ್ತೆಯ ಕಡೆ ತಿರುಗಿದವು. ಯಂತ್ರದ ದನಿ ಬದಲಾಯಿತು. ಆ ದನಿ ನಮಗೆಲ್ಲ ಗೊತ್ತಿತ್ತು.

"ಏ, ಕೇಳಿಸ್ತೇನ? ಚಾ ಏನಾತು?"

"ಆತ್ರೀ! ಈಗ ತರ್ತೀನಿ!"

ಅತ್ತೆ ಆ ಮೊಣಕಾಲು ನೋವಿನಲ್ಲೂ ಒಳಗೆ ಓಡಿದರು. ಬಿಸಿ ಚಾ ತಂದವರೇ ತಟ್ಟೆಗೆ ಸುರಿದರು. "ಅವ್ವಾ, ಬ್ಯಾಡ! ಯಂತ್ರ ಸುಡ್ತದ!" ಎಂದು ಇವರು ಅರಚಿದರು. ಯಾರು ಕೇಳುತ್ತಾರೆ? ಸೊರ್ ಎಂದು, ಮಾವ ಕಪ್ಪಿನ ಬಸಿಯಿಂದ ಚಾ ಹೀರುತ್ತಿದ್ದಂಥದೇ ಸದ್ದು ಬಂತು. ತಟ್ಟೆ ಒಣಗಿತು. ಇಡ್ಲಿ ಮುಚ್ಚಳದಿಂದ ಹೊಗೆ ಎದ್ದು ಯಂತ್ರ ಸುಮ್ಮನಾಯಿತು.

ಅತ್ತೆ ಅಲ್ಲೇ ಕೂತು, ಕಣ್ಣೊರೆಸಿಕೊಂಡು, ಕಪ್ಪಿನಲ್ಲಿ ಉಳಿದಿದ್ದ ಚಾ ಕುಡಿದರು.

ಯಂತ್ರ ಮತ್ತೆ ಮಾತಾಡಲಿಲ್ಲ. ಪರೀಕ್ಷೆಯಲ್ಲಿ ಮಾತ್ರ ಶಿಷ್ಯರೆಲ್ಲ ಪ್ರತಿ ಹುಳದ ಮುಂದೆಯೂ ರಾಚಪ್ಪ ಎಂದೇ ಬರೆದರು. ಅದು ತಪ್ಪೆಂದು ಅಂಕ ಕಳೆಯುವ ಧೈರ್ಯ ನಮ್ಮವರಿಗೆ ಬರಲಿಲ್ಲ.