ನನ್ನ ಗೊರಕೆಗೆ ಸಾಕ್ಷಿ ಯಾರು?

ಗಂಡಸರ ಗೊರಕೆಗೆ ನಮ್ಮ ಕಡೆ ಒಂದು ಮರ್ಯಾದೆ ಇದೆ. ಮನೆಯ ಯಜಮಾನ ಮಧ್ಯಾಹ್ನ ಮೀನೂಟ ಮುಗಿಸಿ ಸಿಟ್‌ಔಟಿನ ಕುರ್ಚಿಯಲ್ಲಿ ಬಾಯಿ ತೆರೆದು ಗೊರಕೆ ಹೊಡೆದರೆ ಒಳಗೆ ಪಾತ್ರೆ ತೊಳೆಯುವವರು ಸದ್ದು ತಗ್ಗಿಸುತ್ತಾರೆ, ಬಂದವರು ಗೇಟಿನಿಂದಲೇ ಹಿಂದೆ ಹೋಗುತ್ತಾರೆ, ಮೊಮ್ಮಕ್ಕಳು ಅದನ್ನು ಅನುಕರಿಸಿ ತೋರಿಸಿ ಮುದ್ದು ಮಾಡಿಸಿಕೊಳ್ಳುತ್ತಾರೆ. ಹೆಂಗಸಿನ ಗೊರಕೆ ಮಾತ್ರ ಲೋಕದಲ್ಲಿ ಇಲ್ಲವೇ ಇಲ್ಲ. ಮದುವೆಯ ಮಾತುಕತೆಯಲ್ಲಿ ಹುಡುಗಿಯ ಓದು, ಬಣ್ಣ, ಅಡುಗೆ, ಹಲ್ಲಿನ ಸಾಲು ಎಲ್ಲವನ್ನೂ ವಿಚಾರಿಸುವವರು ಇದೊಂದನ್ನು ಕೇಳಿದ್ದನ್ನು ನಾನು ಕಂಡಿಲ್ಲ. ಆದ್ದರಿಂದ ಐವತ್ತು ದಾಟಿದ ಮೇಲೆ, ಯಾರಿಗೂ ಹೆದರದೆ, ಅಚ್ಚಿನಲ್ಲಿಯೇ ಹೇಳುತ್ತಿದ್ದೇನೆ: ನಾನು ಗೊರಕೆ ಹೊಡೆಯುತ್ತೇನೆ. ಬರೀ ಗೊರಕೆಯಲ್ಲ, ನಡುನಡುವೆ ಉಸಿರನ್ನೇ ನಿಲ್ಲಿಸುತ್ತೇನೆ. ಇದು ಗೊತ್ತಾಗುವುದಕ್ಕೆ ಇಷ್ಟು ವರ್ಷ ಹಿಡಿಯಿತಲ್ಲ ಎಂಬ ಸಿಟ್ಟಿನಲ್ಲೇ ಇದನ್ನು ಬರೆಯುತ್ತಿದ್ದೇನೆ.

ರಾತ್ರಿ ಎಷ್ಟು ಮಲಗಿದರೂ ಬೆಳಿಗ್ಗೆ ಏಳುವಾಗ ತಲೆಯ ಮೇಲೆ ಅಕ್ಕಿಮುಡಿ ಹೊರಿಸಿದ ಹಾಗಿರುತ್ತಿತ್ತು. ಕಾಪುವಿನಲ್ಲಿ ಹೈಸ್ಕೂಲು ಮಕ್ಕಳಿಗೆ ಕನ್ನಡ ಕಲಿಸುವವಳು ನಾನು. ಪಾಠ ಮಾಡುವಾಗ ನಿದ್ದೆ ಬರುವುದು ಮಕ್ಕಳಿಗೆ, ಅದು ನ್ಯಾಯ. ನನ್ನ ತರಗತಿಯಲ್ಲಿ ಮಾತ್ರ ಪೈಪೋಟಿ. ಪರೀಕ್ಷೆಯ ಕೋಣೆಯ ಕಾವಲಿಗೆ ಈ ಸಿಸಿಲಿಯಾ ಟೀಚರೇ ಬರಲಿ ಎಂದು ಮಕ್ಕಳು ಹರಕೆ ಹೊರುತ್ತಿದ್ದರೆಂದು ಆಮೇಲೆ ಗೊತ್ತಾಯಿತು. ಎಲ್ಲ ಧರ್ಮದ ದೇವರಿಗೂ ಅರ್ಜಿ ಹೋಗಿತ್ತಂತೆ. ಕಾರ್ಕಳದಲ್ಲಿ ನಾದಿನಿಯ ಮಗಳ ರೋಸ್ ನಡೆದಾಗ, ಎಂದರೆ ಮದುವೆಯ ಮುನ್ನಾದಿನ ಹುಡುಗಿಗೆ ತೆಂಗಿನ ಹಾಲು ಹಚ್ಚುವ ಶಾಸ್ತ್ರದಲ್ಲಿ, ನಾನು ಮುಂದಿನ ಸಾಲಿನ ಕುರ್ಚಿಯಲ್ಲಿ ಕುಳಿತಿದ್ದೆ. ಆಲ್ಬಮ್ ಬಂದಾಗ ನೋಡಿದರೆ ಎಲ್ಲ ಫೋಟೋದಲ್ಲೂ ನನ್ನ ಕಣ್ಣು ಮುಚ್ಚಿದೆ, ತಲೆ ಬಾಗಿದೆ. "ಅತ್ತಿಗೆಗೆ ಎಷ್ಟು ಭಕ್ತಿ ನೋಡಿ, ಇಡೀ ಹೊತ್ತು ಮದುಮಗಳಿಗಾಗಿ ಪ್ರಾರ್ಥನೆ ಮಾಡಿದ್ದಾರೆ" ಎಂದು ನಾದಿನಿ ಎಲ್ಲರಿಗೂ ತೋರಿಸಿದಳು. ಭಕ್ತಿಯ ಬಗ್ಗೆ ನಾನು ತಕರಾರು ಮಾಡಲಿಲ್ಲ.

ತಕರಾರು ಇರುವುದು ಉಳಿದವರ ಬಗ್ಗೆ. ಸುಸ್ತು ಎಂದರೆ ಪಕ್ಕದ ಮನೆಯ ಸುಮತಿಯಕ್ಕ, "ನಿನಗೆ ಎಂತ ಚಿಂತೆ ಉಂಟು ಮಾರಾಯ್ತಿ? ಗಂಡ ಕುವೈಟಿನಲ್ಲಿ. ಬಟ್ಟೆ ಒಗೆಯಲಿಕ್ಕೆ ಮೆಷಿನ್ ಉಂಟು. ನಿದ್ದೆ ಬಾರದೆ ಇರ್ತದಾ?" ಎನ್ನುತ್ತಿದ್ದರು. ನಮ್ಮ ಮಾಂಯ್, ಎಂದರೆ ಅತ್ತೆ, ಸೊಸೆಗೆ ಸೋಮಾರಿತನ ಎಂದು ಜಪಮಾಲೆಯ ಕೊನೆಗೆ ಒಂದು ಪ್ರಾರ್ಥನೆಯನ್ನೇ ಸೇರಿಸಿದ್ದರು. ಉಡುಪಿಯ ಒಬ್ಬ ಡಾಕ್ಟರು ನನ್ನ ಮುಖ ನೋಡುವ ಮೊದಲೇ "ಪ್ರಾಯ ಅಲ್ವಾ" ಎಂದರು. ಇನ್ನೊಬ್ಬರು ರಕ್ತ ತೆಗೆಸಿ ನೋಡಿ, ಎಲ್ಲ ಸರಿ ಇದೆ, ವಾಕಿಂಗ್ ಹೋಗಿ ಎಂದರು. ನಡೆಯುತ್ತಾ ನಿದ್ದೆ ಬಂದರೆ ಏನು ಮಾಡಬೇಕೆಂದು ಹೇಳಲಿಲ್ಲ. ನೀವು ಗೊರಕೆ ಹೊಡೆಯುತ್ತೀರಾ ಎಂದು ಯಾರೊಬ್ಬರೂ ಕೇಳಲಿಲ್ಲ! ಕೇಳಿದ್ದರೂ ನಾನು ಏನೆಂದು ಹೇಳುವುದು? ಮಾಂಯ್‌ಗೆ ಕಿವಿ ಮಂದ. ಮಗಳು ಮಲಗಿದಳೆಂದರೆ ಮಂಚ ಹೊತ್ತುಕೊಂಡು ಹೋದರೂ ಏಳುವವಳಲ್ಲ. ಗಂಡ ಸಮುದ್ರದಾಚೆ. ಒಬ್ಬಳೇ ಮಲಗುವ ಹೆಂಗಸಿನ ಗೊರಕೆಗೆ ಸಾಕ್ಷಿ ಎಲ್ಲಿಂದ ತರುವುದು?

ಕೊನೆಗೆ ಒಂದು ಸಂಜೆ ಶಾಲೆಯಿಂದ ಬರುವಾಗ ಹೆದ್ದಾರಿ ದಾಟಲು ಸರ್ವಿಸ್ ರಸ್ತೆಯಲ್ಲಿ ಸ್ಕೂಟರಿನ ಮೇಲೆ ಕಾಲೂರಿ ನಿಂತಿದ್ದೆ. ಹಿಂದಿದ್ದ ಮೀನಿನ ಟೆಂಪೊದವನು ಹಾರ್ನ್ ಹೊಡೆದು ಹೊಡೆದು ಸಾಕಾಗಿ ಇಳಿದು ಬಂದು, "ಎಂತ ಟೀಚರ್, ಗಾಡಿ ಹಾಳಾಯ್ತಾ?" ಎಂದಾಗ ಕಣ್ಣು ಬಿಟ್ಟೆ. ಎದುರಿಗೆ ಗ್ಯಾಸ್ ಟ್ಯಾಂಕರುಗಳು ಒಂದರ ಹಿಂದೊಂದು ಹೋಗುತ್ತಿದ್ದವು. ನಿಂತ ಸ್ಕೂಟರಿನ ಬದಲು ಓಡುವ ಸ್ಕೂಟರಾಗಿದ್ದರೆ? ಗಾಡಿಯನ್ನು ಮನೆಯವರೆಗೂ ತಳ್ಳಿಕೊಂಡೇ ಹೋದೆ. ಆ ದಿನ ನನಗೆ ನಿಜವಾಗಿ ಸಾವಿನ ಹೆದರಿಕೆಯಾಯಿತು.

ನನ್ನ ಗಂಡ ಫೆಲಿಕ್ಸ್ ಕುವೈಟ್ ಬಿಟ್ಟು ಪೂರ್ತಿಯಾಗಿ ಊರಿಗೆ ಬಂದದ್ದು ಕಳೆದ ವರ್ಷ. ಏಸಿ ಇಲ್ಲದೆ ಅವರಿಗೆ ನಿದ್ದೆ ಬಾರದು, ಏಸಿ ಹಾಕಿದರೆ ನನಗೆ ಮೂಗು ಕಟ್ಟುತ್ತದೆ. ಹೀಗಾಗಿ ಅಷ್ಟು ವರ್ಷ ಬೇರೆ ಬೇರೆ ದೇಶದಲ್ಲಿದ್ದವರು ಈಗ ಬೇರೆ ಬೇರೆ ಕೋಣೆಯಲ್ಲಿದ್ದೇವೆ. ಟ್ಯಾಂಕರಿನ ಕತೆ ಕೇಳಿದ್ದೇ ಅವರು ಮರುದಿನವೇ ಕಾರು ತೆಗೆದು ನನ್ನನ್ನು ಮಣಿಪಾಲಕ್ಕೆ ಕರೆದುಕೊಂಡು ಹೋದರು. ಅಲ್ಲಿದ್ದವಳು ಮಗಳ ಪ್ರಾಯದ ಡಾಕ್ಟರು. ಅವಳು ಮೊದಲು ಕೇಳಿದ್ದೇ ಗೊರಕೆಯ ವಿಷಯ. ಅವಳನ್ನು ಅಪ್ಪಿಕೊಳ್ಳಬೇಕೆನಿಸಿತು. ಆಮೇಲೆ ನನ್ನ ಗಂಡನ ಕಡೆ ತಿರುಗಿ, "ಇವರ ಉಸಿರು ನಿದ್ದೆಯಲ್ಲಿ ನಿಂತ ಹಾಗೆ ಆಗುವುದನ್ನು ನೀವು ಯಾವಾಗಲಾದರೂ ನೋಡಿದ್ದೀರಾ ಅಂಕಲ್?" ಎಂದು ಕೇಳಿದಳು.

"ಕೇಳಿದ್ದೇನೆ ಡಾಕ್ಟ್ರೇ" ಎಂದರು ಇವರು. "ರಜೆಯಲ್ಲಿ ಬಂದಾಗೆಲ್ಲ ಕೇಳಿದ್ದೇನೆ. ಸ್ವಲ್ಪ ಹೊತ್ತು ಸದ್ದೇ ಇರುವುದಿಲ್ಲ. ಮತ್ತೆ ಒಮ್ಮೆಲೇ ಬಿಕ್ಕಿದ ಹಾಗೆ ಉಸಿರು ಎಳೆಯುವುದು."

ನಾನು ಕುರ್ಚಿಯಿಂದ ಅರ್ಧ ಎದ್ದೆ. "ಮತ್ತೆ ಹೇಳಲಿಲ್ಲ ಯಾಕೆ?"

ಇವರು ನನ್ನನ್ನು ನೋಡಲಿಲ್ಲ. "ನಾನು ಕುವೈಟಿಗೆ ಹಿಂದೆ ಹೋಗುವುದಕ್ಕೆ ಅವಳು ಕತ್ತಲೆಯಲ್ಲಿ ಅಳ್ತಾ ಇದ್ದಾಳೆ ಅಂತ ಎಣಿಸಿದ್ದೆ ಡಾಕ್ಟ್ರೇ."

ಗಲ್ಫಿಗೆ ಹೋಗುವವರ ಮನೆಯ ರೀತಿ ಗೊತ್ತಿಲ್ಲದವರಿಗೆ ಇದು ಅರ್ಥವಾಗಲಿಕ್ಕಿಲ್ಲ. ಹೊರಡುವ ದಿನ ಹತ್ತಿರ ಬಂದ ಹಾಗೆ ಹೊರಡುವ ಮಾತನ್ನು ಯಾರೂ ಎತ್ತುವುದಿಲ್ಲ. ಉಪ್ಪಿನಕಾಯಿ, ಒಣ ಸಿಗಡಿ ಕಟ್ಟುವಾಗಲೂ ಸೆಕೆಯ ಬಗ್ಗೆ ಮಾತಾಡುತ್ತೇವೆ. ಅಳುವುದಂತೂ ಕೂಡದು, ಹೋಗುವವರ ಕಾಲು ಭಾರವಾಗುತ್ತದೆ. ಹಾಗಾಗಿ ಹೆಂಡತಿ ಉಸಿರು ಬಿಗಿಹಿಡಿದು ಗುಟ್ಟಾಗಿ ಅಳುತ್ತಿದ್ದಾಳೆ, ಕೇಳಿದರೆ ಅವಳಿಗೆ ನಾಚಿಕೆಯಾದೀತು ಎಂದು ಈ ಮಹಾನುಭಾವರು ಗೋಡೆಯ ಕಡೆ ತಿರುಗಿ ಮಲಗುತ್ತಿದ್ದರಂತೆ. ಮರುದಿನ ಮನಸ್ಸು ತಡೆಯದೆ ಉಡುಪಿಗೆ ಹೋಗಿ ಬಳೆ ತರುತ್ತಿದ್ದರಂತೆ. ಪ್ರತಿ ರಜೆಯಲ್ಲೂ ಬಳೆ ಯಾಕೆ ಬರುತ್ತದೆ ಎಂದು ನಾನು ಯೋಚಿಸಿದ್ದಿತ್ತು, ಪ್ರೀತಿ ಎಂದುಕೊಂಡಿದ್ದೆ. ಇಲ್ಲಿ ನಾನು ಗಾಳಿ ಸಿಗದೆ ಒದ್ದಾಡುತ್ತಿದ್ದೇನೆ, ಪಕ್ಕದಲ್ಲಿ ಇವರು ನನ್ನ ವಿರಹಕ್ಕೆ ಕರಗುತ್ತಿದ್ದಾರೆ! ಒಮ್ಮೆ ಮೈ ಮುಟ್ಟಿ "ಎಂತಾಯ್ತು?" ಎಂದಿದ್ದರೆ ಸಾಕಿತ್ತು, ಇಷ್ಟು ವರ್ಷದ ತಲೆನೋವು, ಸೋಮಾರಿ ಎಂಬ ಬಿರುದು ಎಲ್ಲ ತಪ್ಪುತ್ತಿತ್ತು. ಅಲೆವೂರು ದಾಟುವವರೆಗೂ ಕಾರಿನಲ್ಲಿ ಅವರನ್ನು ಬೈದೆ.

ಒಂದು ರಾತ್ರಿ ಆಸ್ಪತ್ರೆಯಲ್ಲಿ ಮೈತುಂಬ ವಯರು ಅಂಟಿಸಿಕೊಂಡು ಮಲಗಿದ್ದಾಯಿತು. ಇಷ್ಟೆಲ್ಲ ಅಂಟಿಸಿ "ನಿಮ್ಮ ಮನೆಯೇ ಅಂತ ಮಲಗಿ" ಎಂದು ಹೇಳುವವರಿಗೆ ಏನೆನ್ನುವುದು? ವರದಿ ಬಂತು. ಉಸಿರು ನಿಲ್ಲುವುದು ಹೌದು, ಚೆನ್ನಾಗಿಯೇ ನಿಲ್ಲುತ್ತದೆ, ಗಾಳಿ ಊದುವ ಮೆಷಿನ್ನಿನ ಮಾಸ್ಕ್ ಹಾಕಿಕೊಂಡೇ ಇನ್ನು ಮಲಗಬೇಕು ಎಂದಳು ಡಾಕ್ಟರು. ಇವರು ವರದಿಯನ್ನು ಕನ್ನಡಕ ಹಾಕಿಕೊಂಡು ಮೊದಲಿನಿಂದ ಕೊನೆಯವರೆಗೆ ಓದಿದರು. ಆಮೇಲೆ, "ಅಳು ಅಂತ ಎಲ್ಲಿಯೂ ಬರೆದಿಲ್ಲ" ಎಂದರು. ಕುವೈಟಿನ ಕೆಲಸ ಹೋದಾಗಲೂ ಅವರ ಮುಖ ಅಷ್ಟು ಸಣ್ಣದಾದದ್ದನ್ನು ನಾನು ಕಂಡಿರಲಿಲ್ಲ.

ಪಕ್ಕದ ಕೋಣೆಯಲ್ಲಿ ಟೆಕ್ನಿಷಿಯನ್ ಹುಡುಗಿ ನನಗೆ ಮಾಸ್ಕ್ ಹೊಂದಿಸತೊಡಗಿದಳು. ಎಷ್ಟು ಸಲ ಕಟ್ಟಿದರೂ ಬದಿಯಿಂದ ಗಾಳಿ ಸೋರುತ್ತಿತ್ತು. "ಆಂಟಿ, ನೀವು ಮಾತಾಡ್ತಾ ಇದ್ದರೆ ಇದು ಕೂತುಕೊಳ್ಳುವುದಿಲ್ಲ" ಎಂದಳು. ಮಾತಾಡದೆ ಹೇಗಿರುವುದು? ಇವರು ಮೂಲೆಯ ಸ್ಟೂಲಿನಲ್ಲಿ ಕುಳಿತು ಕೊಂಕಣಿಯಲ್ಲಿ ಮೆಲ್ಲಗೆ ಕೇಳಿದರು, "ಹಾಗಾದರೆ ಒಂದು ಸಲವೂ ಅಳಲಿಲ್ಲವಾ ನೀನು?"

ಮಾಸ್ಕ್ ಕಿತ್ತು ಕೈಯಲ್ಲಿ ಹಿಡಿದೆ. "ಅಳಲಿಲ್ಲ ಅಂತ ಯಾರು ಹೇಳಿದ್ದು? ನಿಮ್ಮನ್ನು ಏರ್‌ಪೋರ್ಟಿಗೆ ಬಿಟ್ಟು ಬಂದ ಮೇಲೆ ಪ್ರತಿ ಸಲ ಅತ್ತಿದ್ದೇನೆ. ಬಾತ್‌ರೂಮಿನಲ್ಲಿ, ನಳ್ಳಿ ಬಿಟ್ಟುಕೊಂಡು. ಅತ್ತ ಅಳು ನಿಮಗೆ ಗೊತ್ತೇ ಇಲ್ಲ, ಅಳದ ಅಳುವಿಗೆ ಬಳೆ ತಂದಿರಿ!"

ಇವರ ಸಣ್ಣದಾಗಿದ್ದ ಮುಖ ಮೊದಲಿನ ಹಾಗಾಯಿತು. ಆಮೇಲೆ ಕೇಳಿದರು, "ಮತ್ತೆ ನೀನು ಹೇಳಲಿಲ್ಲ ಯಾಕೆ?"

ನಾನು ಮಾಸ್ಕನ್ನು ನಾನೇ ಮೂಗಿಗೆ ಒತ್ತಿ ಹಿಡಿದು ಪಟ್ಟಿ ಬಿಗಿದುಕೊಂಡೆ. "ಈಗ ಸರಿಯಾಗಿ ಕೂತಿತು ಆಂಟಿ, ಸ್ವಲ್ಪವೂ ಸೋರುವುದಿಲ್ಲ" ಎಂದು ಆ ಹುಡುಗಿ ಹೊಗಳಿದಳು.