ನಗೆ ಅಂಕಣದ ಜಾಗದಲ್ಲಿ ರಾಶಿಫಲ

ಬಳ್ಳಾರಿ ಸೀಮೆಯಲ್ಲಿ ವಿಚಿತ್ರ ಸುದ್ದಿಗಳಿಗೆ ಕೊರತೆಯಿಲ್ಲ. ಕೊರತೆಯಿರುವುದು ಅವು ವಿಚಿತ್ರ ಎಂದು ಒಪ್ಪುವವರಿಗೆ. ಊರಿನ ಸಣ್ಣ ದಿನಪತ್ರಿಕೆಯೊಂದರಲ್ಲಿ ವಾರಕ್ಕೊಮ್ಮೆ ಹಾಸ್ಯ ಅಂಕಣ ಬರೆಯುವ ನನ್ನಂಥವನಿಗೆ ಇದಕ್ಕಿಂತ ದೊಡ್ಡ ಕಷ್ಟ ಇನ್ನೊಂದಿಲ್ಲ. ಕಳೆದ ಬೇಸಿಗೆಯಲ್ಲಿ ಸಂಪಾದಕರು ನನ್ನನ್ನು ಕರೆಸಿ, ಚಹಾ ತರಿಸಿ, ಅದು ಆರಿದ ಮೇಲೆ ಮಾತು ತೆಗೆದರು.

“ಸರ, ನೀವು ಬರೆಯೋದು ಚಲೋ ಐತಿ. ಆದ್ರ ಯಾರೂ ನಗಾಕತ್ತಿಲ್ಲ.”

“ನೀವು?”

“ನಾನು ಸಂಪಾದಕ ಅದೀನಿ. ನನ್ನ ಲೆಕ್ಕಕ್ಕ ಹಿಡೀಬ್ಯಾಡ್ರಿ. ಈ ತಿಂಗಳು ನೋಡ್ತೀನಿ. ಒಬ್ಬರರ ನಕ್ಕರ ಸಾಕು. ಇಲ್ಲಂದ್ರ ಆ ಜಾಗದಾಗ ದಿನಾ ರಾಶಿಫಲ ಹಾಕ್ತೀವಿ.”

ಇಡೀ ಜಿಲ್ಲೆಯಲ್ಲಿ ಒಬ್ಬರು. ಆಗಬಹುದು ಅನ್ನಿಸಿತು. ಆಗ ನನಗೆ ಜಿಲ್ಲೆಯ ಪರಿಚಯ ಅಷ್ಟಾಗಿ ಇರಲಿಲ್ಲ.

೧. ಬಿಸಿಲಿನ ಸುದ್ದಿ

ಎಲ್ಲೋ ಒಬ್ಬಾತ ಕಾದ ಡಾಂಬರು ರಸ್ತೆಯ ಮೇಲೆ ತತ್ತಿ ಒಡೆದು ಆಮ್ಲೆಟ್ ಮಾಡಿದ ವಿಡಿಯೋ ಎಲ್ಲರ ಮೊಬೈಲಿಗೂ ಬಂದಿತ್ತು. ಅದನ್ನೇ ಹಿಡಿದು, ಬಳ್ಳಾರಿಗೆ ಇನ್ನು ಗ್ಯಾಸ್ ಸಿಲಿಂಡರ್ ಯಾಕೆ, ಅಡುಗೆಯನ್ನೆಲ್ಲ ಬೀದಿಯಲ್ಲೇ ಮಾಡೋಣ ಎಂದು ಬರೆದೆ. ಬರೆಯುವಾಗ ನನಗೇ ಸ್ವಲ್ಪ ನಗು ಬಂತು.

ಪತ್ರಿಕೆ ಬಂದ ದಿನ ಪಕ್ಕದ ಮನೆಯ ಅಕ್ಕೋರು ಬಾಗಿಲಿಗೆ ಬಂದರು.

“ನೀವು ಬರೆದದ್ದು ಓದಿದೆ ಅಣ್ಣಾರ. ಖರೇ ಐತಿ. ಆದ್ರ ಬೀದ್ಯಾಗ ಧೂಳು ಬೀಳತೈತಿ. ಅದಕ್ಕ ನಿಮ್ಮ ಕಾರಿನ ಮ್ಯಾಲ ಹಾಕೀನಿ.”

ಹೊರಗೆ ಹೋಗಿ ನೋಡಿದೆ. ಕಾರಿನ ನೆತ್ತಿಯ ಮೇಲೆ ಹಳೆಯ ಪಂಚೆ ಹಾಸಿ, ಅದರ ತುಂಬ ಸಂಡಿಗೆ ಇಟ್ಟಿದ್ದರು. ಸಾಲುಗಳು ಬಹಳ ನೆಟ್ಟಗಿದ್ದವು.

“ನಾನು ಸಿರುಗುಪ್ಪಕ್ಕ ಹೋಗಬೇಕಿತ್ತಲ್ರಿ.”

“ಹೋಗಿಬರ್ರಿ. ಬಸ್ಸು ಅದಾವಲ್ಲ.”

“ಓದುವಾಗ ನಗು ಬರಲಿಲ್ಲೇನ್ರಿ?”

“ನಗಾಕ ಏನೈತಿ ಅದರಾಗ? ಉಪಯೋಗಕ್ಕ ಬರೋ ವಿಷಯ ಬರದೀರಿ. ಬಾನೆಟ್ ಖಾಲಿ ಐತಿ, ನಿಮ್ಮನಿಯವರಿಗೆ ಬೇಕಾದ್ರ ಹೇಳ್ರಿ.”

೨. ದೊಡ್ಡಮ್ಮ ಹೋದರು

ಬಸ್ಸಿನಲ್ಲಿ ಸಿರುಗುಪ್ಪಕ್ಕೆ ಹೋದೆ. ಅಲ್ಲಿ ನನ್ನ ಅಕ್ಕನ ಮನೆ. ಹೋದಾಗಲೆಲ್ಲ ಹೋಳಿಗೆ ಮಾಡುತ್ತಾಳೆ. ಆ ದಿನ ಒಲೆ ಆರಿತ್ತು. ಒಳಗೆ ಓಣಿಯ ಹೆಂಗಸರು ಕೂತು ಮೆಲ್ಲಗೆ ಮಾತಾಡುತ್ತಿದ್ದರು. ಭಾವ ಹೊರಗೆ ಕಟ್ಟೆಯ ಮೇಲೆ ಒಬ್ಬರೇ ಕೂತಿದ್ದರು.

“ಯಾರು ಹೋದ್ರು ಭಾವ?”

“ದೊಡ್ಡಮ್ಮ.”

“ಯಾವ ದೊಡ್ಡಮ್ಮ?”

“ಧಾರಾವಾಹಿದು. ನಿನ್ನೆ ಆಕಿ ಕಾರು ಪ್ರಪಾತಕ್ಕ ಬಿತ್ತು.” ಗದ್ದೆಯ ಕಡೆ ನೋಡುತ್ತ ಮುಂದುವರಿಸಿದರು: “ನಮ್ಮಪ್ಪ ಹೋದಾಗ ಮೂರನೇ ದಿನಕ್ಕ ಮಿರ್ಚಿ ಕರದಿದ್ಲು ನಿಮ್ಮಕ್ಕ.”

ಒಳಗೆ ಹೋಗಿ ಅಕ್ಕನಿಗೆ ಹೇಳಿದೆ: “ಆಕಿ ಸತ್ತಿರಂಗಿಲ್ಲ. ಇಂಥವರು ಮುಂದಿನ ವಾರ ಬೇರೆ ಮುಖ ಹಚ್ಚಿಕೊಂಡು ಬರ್ತಾರ.”

“ಅದು ನಮಗೂ ಗೊತ್ತೈತಿ ತಮ್ಮಾ,” ಅಂದಳು ಅಕ್ಕ. “ಆದ್ರ ಬರೋತನ ನಾವು ಹೆಂಗಿರಬೇಕೋ ಹಂಗಿರಬೇಕಲ್ಲ.”

ಹಸಿದ ಹೊಟ್ಟೆಯಲ್ಲಿ ವಾಪಸಾಗಿ ಇದನ್ನೇ ಬರೆದೆ. ಸಂಪಾದಕರು ಕೊನೆಯ ಸಾಲಿನವರೆಗೂ ಓದಿ, ಕನ್ನಡಕ ತೆಗೆದು ಒರೆಸಿಕೊಂಡರು.

“ನಮ್ಮನ್ಯಾಗೂ ನಿನ್ನೆಯಿಂದ ಬರೇ ಅನ್ನ, ಮಜ್ಜಿಗಿ,” ಅಂದರು.

೩. ಶುಭ ಕೋರುವವರು

ಉಳಿದದ್ದು ಒಂದೇ ವಾರ. ಕುರುಗೋಡಿನಲ್ಲಿ ಒಂದು ಟಗರಿನ ಹುಟ್ಟುಹಬ್ಬ, ಕೇಕ್ ಕತ್ತರಿಸುತ್ತಾರೆ ಎಂಬ ಸುದ್ದಿ ಬಂತು. ಇದಕ್ಕೆ ನಗದವರು ಇರಲಾರರು ಎಂದು ಓಡಿದೆ.

ಬಸ್ ನಿಲ್ದಾಣದ ಎದುರಿಗೇ ಫ್ಲೆಕ್ಸ್ ಕಟ್ಟಿದ್ದರು. ನಡುವೆ ಟಗರು, ಹಣೆಗೆ ಅರಿಶಿನದ ಭಂಡಾರ, ಕೊಂಬಿಗೆ ರಿಬ್ಬನ್. ಸುತ್ತಲೂ ಶುಭ ಕೋರುವವರ ಫೋಟೋಗಳು. ಕೆಳಗೆ ದೊಡ್ಡ ಜಗಳ. ಬಿಳಿ ಅಂಗಿಯ ಹಿರಿಯರೊಬ್ಬರು ಟಗರಿನ ಮಾಲೀಕನನ್ನು ಹಿಡಿದು ಕೇಳುತ್ತಿದ್ದರು:

“ನನ್ನ ಫೋಟೋ ಕೆಳಗ ಹಾಕೀಯಲ್ಲಲೇ.”

ಕೊನೆಗೂ ಒಬ್ಬರಿಗೆ ಅವಮಾನವಾದದ್ದು ತಿಳಿಯಿತಲ್ಲ ಎಂದು ನನಗೆ ಜೀವ ಬಂದಂತಾಯಿತು. ಹತ್ತಿರ ಹೋಗಿ, “ಹೌದ್ರಿ ಹಿರಿಯರ, ಒಂದು ಟಗರಿನ ಕೆಳಗ ನಿಮ್ಮನ್ನ ಹಾಕಬಾರದಿತ್ತು,” ಅಂದೆ.

ಅವರು ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು.

“ಟಗರು ಮ್ಯಾಲೇ ಇರಬೇಕ್ರಿ, ಅದರ ಹುಟ್ಟುಹಬ್ಬ. ನಾನು ಕೇಳಾಕತ್ತಿದ್ದು ನನ್ನ ಅಳಿಯನ ಕೆಳಗ ಯಾಕ ಹಾಕ್ಯಾನಂತ.”

ಟಗರಿನ ಮಾಲೀಕ ನನ್ನ ಕಡೆ ತಿರುಗಿ, “ಪೇಪರಿನವರೇನು? ಒಂದು ಫೋಟೋ ಕೊಡ್ರಿ, ನಿಮ್ಮನ್ನೂ ಹಾಕ್ತೀನಿ. ಅಳಿಯನ ಪಕ್ಕ ಜಾಗ ಐತಿ,” ಅಂದ.

೪. ಧನು ರಾಶಿ

ತಿಂಗಳು ಮುಗಿಯಿತು. ಯಾರೂ ನಗಲಿಲ್ಲ. ನನ್ನ ಜಾಗಕ್ಕೆ ರಾಶಿಫಲ ಬಂತು. ಜ್ಯೋತಿಷಿಗಳು ಬರೆದು ಕಳಿಸುವುದನ್ನು ತಿದ್ದುವ ಕೆಲಸವನ್ನು ಸಂಪಾದಕರು ನನಗೇ ಕೊಟ್ಟರು. ಒಂದು ದಿನ ಅದು ಬರಲಿಲ್ಲ. ಜ್ಯೋತಿಷಿಗಳು ಅನಿರೀಕ್ಷಿತವಾಗಿ ಆಸ್ಪತ್ರೆ ಸೇರಿದ್ದರು.

“ನೀವೇ ಏನರ ಬರೀರಿ,” ಅಂದರು ಸಂಪಾದಕರು.

ಇದೇ ಕೊನೆಯ ಅವಕಾಶ ಎಂದು, ಇಷ್ಟು ದಿನ ಒಳಗೆ ಉಳಿದಿದ್ದ ಹಾಸ್ಯವನ್ನೆಲ್ಲ ರಾಶಿಗಳಿಗೆ ಹಂಚಿದೆ. ವೃಷಭ: ಮನೆಯಲ್ಲಿ ನಿಮ್ಮ ಮಾತಿಗೆ ಬೆಲೆ ಇರುವುದಿಲ್ಲ, ನಿನ್ನೆಯೂ ಇರಲಿಲ್ಲ. ಕನ್ಯಾ: ಬರಬೇಕಾದ ಬಸ್ಸು ಬರುವುದಿಲ್ಲ, ಬಂದರೂ ನಿಲ್ಲುವುದಿಲ್ಲ. ಧನು: ಮನೆಗೆ ನೆಂಟರು ಬರುತ್ತಾರೆ, ಅವರು ವಾಪಸು ಹೋಗುವ ಯೋಗ ಕಾಣುತ್ತಿಲ್ಲ.

ಮರುದಿನ ಮಧ್ಯಾಹ್ನದವರೆಗೂ ಕಚೇರಿಯ ಫೋನು ಬಡಿದುಕೊಂಡಿತು. ರಾರಾವಿಯಿಂದ, ದೇಶನೂರಿನಿಂದ, ಎಲ್ಲೆಲ್ಲಿಂದಲೋ.

“ಯಾರರ ನಕ್ಕರೇನ್ರಿ?” ಎಂದು ಸಂಪಾದಕರನ್ನು ಕೇಳಿದೆ.

“ನಗೋದ್ಯಾಕ? ಎಲ್ಲಾ ಖರೇ ಆಗೈತಂತ ಹೆದರ್ಯಾರ. ಈ ವಿದ್ಯಾ ಇಷ್ಟು ದಿನ ಎಲ್ಲಿ ಇಟ್ಟಿದ್ರಿ ಸರ?”

ಅಷ್ಟರಲ್ಲಿ ಸಿರುಗುಪ್ಪದಿಂದ ಒಬ್ಬರು ತೆಂಗಿನಕಾಯಿ, ಬಾಳೆಹಣ್ಣು ಹಿಡಿದು ಬಂದು ನನ್ನ ಎದುರು ಕೈಮುಗಿದು ನಿಂತರು.

“ನಂದು ಧನು ರಾಶಿ ಸ್ವಾಮಿ. ಕುರುಗೋಡಿನ ಬೀಗರು ಬಂದು ಕುಂತಾರ. ಇವತ್ತು ಬೆಳಿಗ್ಗಿ ಹೊರಟವರು ಪೇಪರ್ ಓದಿ, ‘ನಮಗ ಹೋಗೋ ಯೋಗ ಇಲ್ಲಂತ’ ಅಂತ ಚೀಲ ಬಿಚ್ಚಿಟ್ಟಾರ.”

“ಅದು ತಮಾಷೆಗೆ ಬರೆದದ್ದು,” ಅಂದೆ.

“ಹಂಗನಬ್ಯಾಡ್ರಿ. ನನ್ನ ಹೆಂಡ್ತಿ ತವರಿಗೆ ಹೋಗ್ತೀನಂತ ನಿಂತಾಳ. ಅವರು ಹೋಗೋ ಹಂಗ ಏನರ ಬರದು ಪುಣ್ಯಾ ಕಟ್ಟಿಕೊಳ್ರಿ.”

ಅವರ ಮುಖ ನೋಡಲಾಗಲಿಲ್ಲ. “ಬೀಗರದು ಯಾವ ರಾಶಿ?” ಎಂದು ಕೇಳಿದೆ.

“ಅವರದೂ ಧನು ರಾಶಿನ.”

ಕೆಲಸ ಸುಲಭವಾಯಿತು. ಜ್ಯೋತಿಷಿಗಳು ಇನ್ನೂ ಆಸ್ಪತ್ರೆಯಲ್ಲೇ ಇದ್ದುದರಿಂದ ನಾನೇ ಬರೆದೆ. ಧನು: ಇಂದೇ ಪ್ರಯಾಣ ಮಾಡಿ. ಉಳಿದರೆ ಕಷ್ಟವಿದೆ.

ಅದು ಅಚ್ಚಾದ ದಿನ ಸಂಜೆ ಸಿರುಗುಪ್ಪದವರದೇ ಫೋನು ಬಂತು. ದನಿ ತೀರಾ ಮೆತ್ತಗಿತ್ತು.

“ಬೀಗರು ಹೋದರೇನ್ರಿ?”

“ಹೋದ್ರು ಸ್ವಾಮಿ. ಬೆಳಿಗ್ಗಿ ಪೇಪರ್ ಬಂದ ಕೂಡಲೇ ಹೊರಟ್ರು.”

“ಮತ್ತೇನು ಚಿಂತೆ?”

“ನಂದೂ ಧನು ರಾಶಿ ಅಲ್ಲೇನ್ರಿ? ನಾನೂ ಅವರ ಜೋಡಿ ಬಂದೀನಿ. ಈಗ ಕುರುಗೋಡಿನ್ಯಾಗ ಅದೀನಿ, ಬೀಗರ ಮನ್ಯಾಗ.” ಹಿಂದಿನಿಂದ ಯಾರೋ ಊಟಕ್ಕೆ ಕರೆದ ಸದ್ದು ಕೇಳಿಸಿತು. ಅವರು ದನಿ ಇನ್ನೂ ತಗ್ಗಿಸಿದರು. “ನಾನು ವಾಪಸ್ ಬರೋದು ಯಾವತ್ತು ಬರೀತೀರಿ?”